ಮಿಷನರಿ ಸೇವೆಗೆ ನನಗೆ ಕರೆ ಇದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿಷನ್‌ಗೆ ಹೋಗ್ಬೇಕು ಅಂತ ಬಂದು ಮಾತಾಡೋರಲ್ಲಿ ನಾನು ಎರಡು ಥರದವರನ್ನ ಜಾಸ್ತಿ ನೋಡಿದೀನಿ. ಒಬ್ರು ನಿನ್ನೆ ಮೀಟಿಂಗ್ ಮುಗಿಸಿ ಇವತ್ತು ರಾಜೀನಾಮೆ ಬರೆದುಬಿಟ್ಟಿರ್ತಾರೆ, ಇನ್ನೊಬ್ರು ಪ್ರಾರ್ಥನೆ ಮಾಡ್ತಿದೀನಿ ಬ್ರದರ್ ಅಂತ ಹೇಳ್ತಾ ಹೇಳ್ತಾ ವರ್ಷಗಳು ಕಳೆದ್ರೂ ಒಂದು ಫಾರ್ಮ್ ಕೂಡ ತುಂಬಿರಲ್ಲ. ನೋಡೋಕೆ ಉಲ್ಟಾ ಕಂಡ್ರೂ ಇಬ್ರೂ ಮಾಡ್ತಿರೋದು ಒಂದೇ ಕೆಲಸ, ಒಬ್ಬೊಬ್ರೇ ಕೂತು ತೀರ್ಮಾನ ಮಾಡೋಕೆ ನೋಡ್ತಿದಾರೆ. ಕೆಳಗಿನ ಉತ್ತರಗಳಲ್ಲಿ ಇದನ್ನೇ ತಿರುಗಿಸಿ ತಿರುಗಿಸಿ ಹೇಳ್ತಿದೀನಿ ಅನ್ಸಿದ್ರೆ ಬೇಜಾರ್ ಮಾಡ್ಕೋಬೇಡಿ, ಬೇಕಂತಲೇ ಹೇಳಿರೋದು. ಪ್ರೊಟೆಸ್ಟೆಂಟ್ ಕಡೆಯವರಿಗೂ ಕ್ಯಾಥೊಲಿಕ್ ಕಡೆಯವರಿಗೂ ಉಪಯೋಗ ಆಗ್ಲಿ ಅಂತ ಬರೆದಿದೀನಿ, ನೀವು ಪಾಸ್ಟರ್ ಅನ್ನೋ ಕಡೆ ಫಾದರ್ ಅಂತ ಓದ್ಕೊಂಡ್ರೂ ನಡೆಯತ್ತೆ.

ಪ್ರ: ಕರೆ ಅಂದ್ರೆ ಧ್ವನಿ ಕೇಳಿಸ್ಬೇಕಾ? ಕನಸು, ದರ್ಶನ ಏನಾದ್ರೂ ಬರಲೇಬೇಕಾ?

ಬರಲೇಬೇಕು ಅಂತೇನಿಲ್ಲ. ಮೋಶೆಗೆ ಉರಿಯೋ ಪೊದೆ ಕಾಣಿಸ್ತು, ಯೆಶಾಯನಿಗೆ ದೇವಾಲಯದಲ್ಲಿ ದರ್ಶನ ಆಯ್ತು, ಪೌಲನಿಗೆ ದಮಸ್ಕದ ದಾರಿಯಲ್ಲಿ ಬೆಳಕು ಹೊಳೀತು, ಎಲ್ಲಾ ನಿಜ. ಆದ್ರೆ ಅದೇ ಬೈಬಲ್‌ನಲ್ಲಿ ತಿಮೊಥೆಯ ಹೇಗೆ ಸೇವೆಗೆ ಬಂದ ನೋಡಿ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿ ಲುಸ್ತ್ರ, ಇಕೋನ್ಯದ ಸಹೋದರರು ಈ ಹುಡುಗ ಒಳ್ಳೆಯವನು ಅಂತ ಸಾಕ್ಷಿ ಹೇಳಿದ್ರು, ಪೌಲನಿಗೂ ಇವನು ಜೊತೆಗಿರ್ಲಿ ಅನ್ನಿಸ್ತು, ಕರ್ಕೊಂಡು ಹೋದ. ಹಿರಿಯರು ಅವನ ಮೇಲೆ ಕೈಯಿಟ್ಟಿದ್ದು, ಪ್ರವಾದನೆ ಬಂದಿದ್ದು ಒಂದನೇ ತಿಮೊಥೆಯ 4ರಲ್ಲಿ ಇದೆ, ಅದೂ ನಾಲ್ಕು ಜನರ ಮಧ್ಯೆನೇ ಆಗಿದ್ದು.

ಇನ್ನು ನಿಜವಾಗ್ಲೂ ಧ್ವನಿ ಕೇಳಿಸಿಕೊಂಡ ಸಮುವೇಲನನ್ನೇ ತಗೊಳ್ಳಿ. ರಾತ್ರಿ ಮೂರು ಸಲ ಎದ್ದು ಯಾಜಕ ಏಲಿ ಹತ್ರ ಓಡಿದ, ಕರೆದ್ರಲ್ಲ ಬಂದೆ ಅಂದ, ಕರೆದಿದ್ದು ಯಾರು ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ. ಇದು ದೇವರು ಕಣೋ ಅಂತ ಗುರುತು ಹಿಡಿದಿದ್ದು ಕಣ್ಣು ಮಂಜಾಗಿದ್ದ ಮುದುಕ ಏಲಿ, ಅದೂ ತನ್ನ ಸ್ವಂತ ಮಕ್ಕಳನ್ನ ಸರಿಯಾಗಿ ನೋಡ್ಕೊಳ್ಳೋಕಾಗದೇ ಇದ್ದ ಏಲಿ. ಕಿವಿ ಒಬ್ಬನದು, ಅರ್ಥ ಮಾಡಿಸಿದ್ದು ಇನ್ನೊಬ್ಬ. ಹಾಗಾಗಿ ಧ್ವನಿ ಕೇಳಿಸಿದೆ ಅನ್ನೋರಿಗೂ ಕೇಳಿಸಿಲ್ಲ ಅನ್ನೋರಿಗೂ ನಾನು ಹೇಳೋದು ಒಂದೇ, ನಿಮ್ಮ ಏಲಿ ಯಾರು ಅಂತ ಮೊದಲು ಹುಡುಕಿ.

ಪ್ರ: ಮಿಷನ್ ಮೀಟಿಂಗ್‌ನಲ್ಲಿ ಕಣ್ಣೀರು ಬಂತು, ಕೈ ಎತ್ತಿಬಿಟ್ಟೆ. ಅದು ಕರೆನಾ ಬರೀ ಎಮೋಷನ್ನಾ?

ಎರಡೂ ಇರಬಹುದು, ಆ ರಾತ್ರಿ ಅದು ಗೊತ್ತಾಗಲ್ಲ. ಲೈಟ್ ಡಿಮ್ ಮಾಡಿರ್ತಾರೆ, ಕೀಬೋರ್ಡ್ ಮೆಲ್ಲಗೆ ನುಡೀತಿರತ್ತೆ, ಸ್ಕ್ರೀನ್ ಮೇಲೆ ಯಾವ್ದೋ ಮಗುವಿನ ಮುಖ, ಸ್ಪೀಕರ್ ಯಾರು ಹೋಗ್ತೀರಾ ಅಂತ ಮೂರನೇ ಸಲ ಕೇಳ್ತಿರ್ತಾರೆ, ಪಕ್ಕದಲ್ಲಿರೋ ಫ್ರೆಂಡ್ ಆಗ್ಲೇ ಎದ್ದಾಯ್ತು. ಆ ಹೊತ್ತಲ್ಲಿ ಕೂತೇ ಇರೋಕೆ ಜಾಸ್ತಿ ಧೈರ್ಯ ಬೇಕು. ಹಾಗಂತ ಭಾವನೆ ಬಂದಿದ್ದೇ ಸುಳ್ಳು ಅಂತಲ್ಲ, ಮನಸ್ಸು ಕರಗದೇ ಯಾರೂ ಎಲ್ಲಿಗೂ ಹೋಗಲ್ಲ. ಆದ್ರೆ ಕೆಲವು ತಿಂಗಳು ಬಿಟ್ಟು ನೋಡಿ. ಆ ದೇಶದ ಬಗ್ಗೆ, ಆ ಜನರ ಬಗ್ಗೆ ನೀವಾಗೇ ಓದ್ತಿದೀರಾ? ಯಾರೂ ನೆನಪಿಸದೇ ಅವರಿಗೋಸ್ಕರ ಪ್ರಾರ್ಥನೆ ಮಾಡ್ತಿದೀರಾ? ಈಗ ಇರೋ ಜಾಗದಲ್ಲೇ ಬೇರೆ ಭಾಷೆ, ಬೇರೆ ನಂಬಿಕೆಯ ಒಬ್ಬ ಮನುಷ್ಯನ ಜೊತೆ ಸ್ನೇಹ ಬೆಳೆಸಿದೀರಾ? ಯಾವುದೂ ಇಲ್ಲ, ಮುಂದಿನ ವರ್ಷದ ಮೀಟಿಂಗ್‌ನಲ್ಲಿ ಮತ್ತೆ ಕಣ್ಣೀರು ಬಂತು ಅಂದ್ರೆ ಅದು ಆ ಸ್ಪೀಕರ್‌ನ ವರ, ನಿಮ್ಮ ಕರೆ ಅಂತ ಈಗ್ಲೇ ಹೇಳೋಕಾಗಲ್ಲ.

ಪ್ರ: ಒಂದು ದಿನ ಖಂಡಿತ ಕರೆ ಇದೆ ಅನ್ಸುತ್ತೆ, ಮರುದಿನ ಎಲ್ಲಾ ಒಣಗಿದ ಹಾಗೆ. ಯಾವುದನ್ನ ನಂಬ್ಲಿ?

ಈ ಪ್ರಶ್ನೆಗೆ ಜೆಸ್ಯೂಟ್ ಸಂಘ ಕಟ್ಟಿದ ಲೊಯೋಲದ ಇಗ್ನೇಷಿಯಸ್‌ನಷ್ಟು ಚೆನ್ನಾಗಿ ಯಾರೂ ತಲೆ ಕೆಡಿಸ್ಕೊಂಡಿಲ್ಲ ಅಂತ ನನ್ನ ಅಭಿಪ್ರಾಯ, ಕ್ಯಾಥೊಲಿಕ್ ಅಲ್ಲದವರೂ ಓದಬಹುದು. 1521ರಲ್ಲಿ ಪಾಂಪ್ಲೋನ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ಮನೆಯಲ್ಲಿ ಮಲಗಿದ್ದ. ಓದೋಕೆ ಶೂರರ ಕಥೆ ಕೇಳಿದ, ಮನೆಯಲ್ಲಿ ಇದ್ದಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಕಥೆಗಳ ಪುಸ್ತಕ ಮಾತ್ರ. ಮಲಗಿದಲ್ಲೇ ಹಗಲುಗನಸು ಕಾಣ್ತಿದ್ದ, ಒಮ್ಮೆ ಯಾವುದೋ ದೊಡ್ಡ ಮನೆತನದ ಹೆಣ್ಣಿಗೋಸ್ಕರ ಸಾಹಸ ಮಾಡೋ ಹಾಗೆ, ಒಮ್ಮೆ ಆ ಸಂತರ ಥರ ಬದುಕೋ ಹಾಗೆ. ಕಾಣ್ತಿರುವಾಗ ಎರಡೂ ಖುಷಿ ಕೊಡ್ತಿದ್ವು, ಆದ್ರೆ ಮುಗಿದ ಮೇಲೆ ಮೊದಲನೇದು ಮನಸ್ಸನ್ನ ಬರಿದು ಮಾಡಿ ಹೋಗ್ತಿತ್ತು, ಎರಡನೇದು ಮುಗಿದ ಮೇಲೂ ಸಮಾಧಾನ ಉಳೀತಿತ್ತು. ಅಲ್ಲಿಂದ ಶುರುವಾಯ್ತು ಅವನ ಇಡೀ ಪದ್ಧತಿ.

ನೀವೂ ಮಾಡಬಹುದು. ಒಂದು ಡೈರಿಯಲ್ಲಿ ದಿನಾ ಎರಡು ಸಾಲು ಬರೀರಿ, ಹೋಗೋ ಯೋಚನೆ ಬಂದಾಗ ಹೇಗಿತ್ತು, ಒಂದು ಗಂಟೆ ಆದ್ಮೇಲೆ ಹೇಗಿತ್ತು. ಕೆಲವು ತಿಂಗಳಾದ್ಮೇಲೆ ತಿರುವಿ ನೋಡಿ, ಇಲ್ಲಾಂದ್ರೆ ಇನ್ನೂ ಒಳ್ಳೇದು, ನಿಮ್ಮನ್ನ ಚೆನ್ನಾಗಿ ಬಲ್ಲ ಒಬ್ರ ಕೈಗೆ ಕೊಟ್ಟು ನೋಡಿಸಿ. ಇನ್ನೊಂದು ಮಾತೂ ಅವನದೇ, ಮನಸ್ಸು ಕುಗ್ಗಿ ಒಣಗಿರೋ ದಿನಗಳಲ್ಲಿ ಹಿಂದೆ ಮಾಡಿದ ತೀರ್ಮಾನವನ್ನ ಬದಲಾಯಿಸಬೇಡಿ. ಕುಣಿದಾಡ್ತಿರೋ ದಿನ ಹೊಸ ಪ್ರತಿಜ್ಞೆ ಮಾಡೋದಕ್ಕೂ ಆತುರ ಬೇಡ ಅಂತ ಅವನೇ ಎಚ್ಚರಿಸ್ತಾನೆ.

ಪ್ರ: ಮತ್ತಾಯ 28ರ ಆಜ್ಞೆ (ಹೋಗಿ ಎಲ್ಲಾ ಜನಾಂಗಗಳನ್ನ ಶಿಷ್ಯರನ್ನಾಗಿ ಮಾಡಿ ಅನ್ನೋದು) ಎಲ್ರಿಗೂ ಇರೋವಾಗ ಬೇರೆ ಕರೆ ಯಾಕೆ ಬೇಕು? ಸುಮ್ನೆ ಹೋದ್ರೆ ಆಗಲ್ವಾ?

ಆಜ್ಞೆ ಎಲ್ರಿಗೂ ಹೌದು. ಸಾಕ್ಷಿಯಾಗಿರೋಕೆ ಯಾರಿಗೂ ಸ್ಪೆಷಲ್ ಕರೆ ಬೇಕಿಲ್ಲ, ಕರೆ ಬಂದಿಲ್ಲ ಅನ್ನೋ ನೆಪದಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದೆ ಬದುಕೋದು ಸರಿ ಅಲ್ಲ. ಆದ್ರೆ ಮನೆ, ಭಾಷೆ, ದೇಶ ಬಿಟ್ಟು ಇನ್ನೊಂದು ಜನರ ಮಧ್ಯೆ ವರ್ಷಗಟ್ಟಲೆ ಇರೋ ಕೆಲಸಕ್ಕೆ ಎಲ್ರನ್ನೂ ಕಳಿಸಿಲ್ಲ. ಅಂತಿಯೋಕ್ಯದ ಸಭೆಯಲ್ಲಿ ಐದು ಜನ ಪ್ರವಾದಿಗಳು, ಬೋಧಕರು ಇದ್ರು ಅಂತ ಅಪೊಸ್ತಲರ ಕೃತ್ಯಗಳು 13ರಲ್ಲಿ ಹೆಸರು ಸಮೇತ ಇದೆ, ಬೇರ್ಪಡಿಸಿ ಕಳಿಸಿದ್ದು ಬಾರ್ನಬ ಮತ್ತು ಸೌಲ (ಪೌಲನ ಇನ್ನೊಂದು ಹೆಸರು) ಇಬ್ಬರನ್ನ ಮಾತ್ರ. ಉಳಿದ ಮೂವರು ಆಜ್ಞೆ ಮೀರಿದ್ರು ಅಂತ ಯಾರೂ ಹೇಳಲ್ಲ. ಮತ್ತೆ ಗಮನಿಸಿ, ಪವಿತ್ರಾತ್ಮನು ಮಾತಾಡಿದ್ದು ಅವರೆಲ್ಲ ಸೇರಿ ಉಪವಾಸ ಇದ್ದು ಆರಾಧನೆ ಮಾಡ್ತಿದ್ದಾಗ, ಸೌಲನ ರೂಮಿನಲ್ಲಲ್ಲ.

ಪ್ರ: ನನಗೆ ಸ್ಪಷ್ಟವಾಗಿ ಗೊತ್ತು, ಆದ್ರೆ ಪಾಸ್ಟರ್ ಒಪ್ತಿಲ್ಲ. ದೇವರ ಮಾತು ಕೇಳ್ಲಾ ಪಾಸ್ಟರ್ ಮಾತು ಕೇಳ್ಲಾ?

ಪ್ರಶ್ನೆಯನ್ನ ಹೀಗೆ ಇಟ್ರೆ ಉತ್ತರ ನೀವೇ ರೆಡಿ ಮಾಡ್ಕೊಂಡು ಬಂದಿದೀರಿ ಅಂತ ಅರ್ಥ. ಮೊದಲು ಯಾಕೆ ಬೇಡ ಅಂತಿದಾರೆ ಕೇಳಿ, ಕೇಳಿ ಅಂದ್ರೆ ಮಧ್ಯದಲ್ಲಿ ಬಾಯಿ ಹಾಕದೇ ಕೇಳಿ. ಈಗ ಬೇಡ ಅಂತಿದಾರಾ, ಆ ಸಂಸ್ಥೆ ಬೇಡ ಅಂತಿದಾರಾ, ನಿಮ್ಮ ಕೋಪ ಅಥವಾ ಸಾಲ ಅಥವಾ ಇನ್ನೊಂದು ನೋಡಿ ಹೆದರ್ತಿದಾರಾ? ಇವೆಲ್ಲ ಬೇರೆ ಬೇರೆ ಮಾತು. ಕೆಲವು ಪಾಸ್ಟರ್‌ಗಳು ಒಳ್ಳೇ ಯೂತ್ ಲೀಡರ್ ಕೈತಪ್ಪಿ ಹೋಗ್ತಾನೆ ಅಂತಲೂ ಬೇಡ ಅಂತಾರೆ, ಅದೂ ಉಂಟು, ಸುಳ್ಳು ಹೇಳಲ್ಲ. ಅದಕ್ಕೇ ಒಬ್ಬರ ಅಭಿಪ್ರಾಯದ ಮೇಲೆ ನಿಲ್ಲಬೇಡಿ. ಸಭೆಯ ಇನ್ನೊಬ್ಬ ಹಿರಿಯರು, ಫೀಲ್ಡ್‌ನಲ್ಲಿ ಇದ್ದು ಬಂದ ಒಬ್ರು, ನಿಮ್ಮ ಜೊತೆ ಕೆಲಸ ಮಾಡಿದ ಒಬ್ರು, ನಿಮ್ಮನ್ನ ಅಷ್ಟಾಗಿ ಹೊಗಳದ ಒಬ್ರು, ಇವರನ್ನೆಲ್ಲ ಕೇಳಿ. ಒಬ್ಬರು ಬೇಡ ಅಂದ್ರೆ ತಪ್ಪಿರಬಹುದು, ನಿಮ್ಮನ್ನ ಪ್ರೀತಿಸೋರು ಎಲ್ರೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ಕಾರಣ ಹೇಳಿದ್ರೆ ಆ ಕಾರಣದ ಮೇಲೆ ಕೆಲಸ ಮಾಡ್ಬೇಕು.

ಪ್ರ: ಗಿದ್ಯೋನನ ಹಾಗೆ ಗುರುತು ಕೇಳಬಹುದಾ? ಕಣ್ಣು ಮುಚ್ಚಿ ಬೈಬಲ್ ತೆರೆದಾಗ "ಹೋಗು" ಅನ್ನೋ ವಾಕ್ಯವೇ ಸಿಕ್ತು.

ಗಿದ್ಯೋನನಿಗೆ ಏನು ಮಾಡ್ಬೇಕು ಅಂತ ಮೊದಲೇ ಗೊತ್ತಿತ್ತು, ಗುರುತಿಗೆ ಅಂತ ಉಣ್ಣೆ ಹಾಸಿ ಇಟ್ಟು ಅದರ ಮೇಲೆ ಇಬ್ಬನಿ ಬೀಳ್ಲಿ ಅಂತ ಕೇಳಿದ್ದು ಧೈರ್ಯ ಸಾಲದೇ. ಅವನ ಅನುಮಾನವನ್ನ ದೇವರು ಸಹಿಸಿಕೊಂಡ ಕಥೆ ಅದು, ಎಲ್ರೂ ಹೀಗೇ ಮಾಡಿ ಅಂತ ಹೇಳೋ ಪಾಠ ಅಲ್ಲ. ಬೈಬಲ್ ತೆರೆದು ಬೆರಳಿಡೋದು ನನಗೆ ಸ್ವಲ್ಪವೂ ಹಿಡಿಸಲ್ಲ, ನಿಮಗೆ ಬೇಕಾದ್ದು ಸಿಗೋವರೆಗೂ ತೆರೀತಾನೇ ಇರ್ತೀರಿ.

ಮೊರಾವಿಯನ್ನರು (ಜರ್ಮನಿಯ ಹರ್ನ್‌ಹುಟ್‌ನಲ್ಲಿದ್ದ ಒಂದು ಪ್ರೊಟೆಸ್ಟೆಂಟ್ ಸಮುದಾಯ) ಚೀಟಿ ಎತ್ತುತ್ತಿದ್ರಲ್ಲ ಅಂತ ಕೆಲವರು ಕೇಳ್ತಾರೆ. ಎತ್ತುತ್ತಿದ್ರು. ಆದ್ರೆ ಪೂರ್ತಿ ಕಥೆ ನೋಡಿ. ಲಿಯೊನಾರ್ಡ್ ಡೋಬರ್ ಅನ್ನೋ ಕುಂಬಾರ 1731ರಲ್ಲಿ ಕೆರಿಬಿಯನ್ ದ್ವೀಪದ ಗುಲಾಮರ ಬಗ್ಗೆ ಕೇಳಿ ಹೋಗ್ತೀನಿ ಅಂದ. ಹರ್ನ್‌ಹುಟ್‌ನ ಸಮುದಾಯ ತಕ್ಷಣ ಕಳಿಸ್ಲಿಲ್ಲ, ಸುಮಾರು ಒಂದು ವರ್ಷ ಕಾಯಿಸಿದ್ರು, ಆಮೇಲೆ ಎಲ್ರ ಮುಂದೆ ಚೀಟಿ ಎತ್ತಿದ್ದು, 1732ರಲ್ಲಿ ಡೇವಿಡ್ ನಿಚ್‌ಮನ್ ಅನ್ನೋ ಬಡಗಿಯ ಜೊತೆ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟ. ಚೀಟಿಗಿಂತ ಮುಂಚಿನ ಆ ಒಂದು ವರ್ಷ ಎಲ್ರಿಗೂ ಮರೆತುಹೋಗತ್ತೆ.

ಪ್ರ: ಯಾವ ದೇಶ ಅಂತ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ಕಾಯ್ಲಾ?

ಕಾಯಬೇಡಿ. ಮಿಷನ್ ಚರಿತ್ರೆ ಓದಿದ್ರೆ ನಗು ಬರೋಷ್ಟು ಜನ ಅಂದ್ಕೊಂಡ ಜಾಗಕ್ಕೆ ಹೋಗೇ ಇಲ್ಲ. ಇಂಗ್ಲೆಂಡ್‌ನ ಮಿಷನರಿ ವಿಲಿಯಂ ಕೇರಿ ಕ್ಯಾಪ್ಟನ್ ಕುಕ್‌ನ ಸಮುದ್ರಯಾನ ಓದಿ ತಹಿತಿ ಕಡೆ ಕಣ್ಣಿಟ್ಟಿದ್ದ, ಜಾನ್ ಥಾಮಸ್ ಅನ್ನೋ ಡಾಕ್ಟರ್ ಬಂದು ಬಂಗಾಳದ ಬಗ್ಗೆ ಹೇಳಿದ್ಮೇಲೆ 1793ರಲ್ಲಿ ಬಂದಿದ್ದು ಬಂಗಾಳಕ್ಕೆ. ಡೇವಿಡ್ ಲಿವಿಂಗ್‌ಸ್ಟನ್ ಚೀನಾಕ್ಕೆ ಅಂತ ವೈದ್ಯಕೀಯ ಓದಿದ, ಅಫೀಮು ಯುದ್ಧ ಶುರುವಾಗಿ ಬಾಗಿಲು ಮುಚ್ತು, ಆಫ್ರಿಕಾದಲ್ಲಿ ಕೆಲಸ ಮಾಡ್ತಿದ್ದ ಮಿಷನರಿ ರಾಬರ್ಟ್ ಮೊಫಾಟ್‌ನ ಭೇಟಿಯಾಗಿ 1841ರಲ್ಲಿ ಆಫ್ರಿಕಾ ತಲುಪಿದ. ಫ್ರಾನ್ಸಿಸ್ ಕ್ಸೇವಿಯರ್ ಅಂತೂ ಬದಲಿ ಆಳು! 1540ರಲ್ಲಿ ಭಾರತಕ್ಕೆ ಹೋಗ್ಬೇಕಿದ್ದಿದ್ದು ನಿಕೊಲಾಸ್ ಬೊಬಾಡಿಲ್ಲ, ಅವನಿಗೆ ಕಾಯಿಲೆ ಬಂತು, ಇಗ್ನೇಷಿಯಸ್ ಕ್ಸೇವಿಯರ್‌ನ ಹೋಗು ಅಂದ, 1542ರಲ್ಲಿ ಗೋವಾಕ್ಕೆ ಬಂದಿಳಿದ. ಯಾವ ಕನಸೂ ಇಲ್ಲ, ಜೊತೆಗಾರನ ಕಾಯಿಲೆ ಮತ್ತು ಹಿರಿಯನ ಒಂದು ಮಾತು.

ಪೌಲನದ್ದೂ ಅದೇ ಕಥೆ, ಆಸ್ಯದಲ್ಲಿ ಸಾರೋಕೆ ಆಗ್ಲಿಲ್ಲ, ಬಿಥೂನ್ಯಕ್ಕೆ ಹೋಗೋಕೆ ನೋಡಿದ ಬಿಡ್ಲಿಲ್ಲ, ತ್ರೋವಕ್ಕೆ ಬಂದು ನಿಂತಾಗ ಮಕೆದೋನ್ಯದವನ ದರ್ಶನ ಆಯ್ತು. ನಡೀತಿದ್ದವನಿಗೆ ತಿರುವು ತೋರಿಸಿದ್ದು. ದರ್ಶನ ಕಂಡಿದ್ದು ಅವನು, ಆದ್ರೆ ದೇವರು "ನಮ್ಮನ್ನ" ಕರೆದಿದಾನೆ ಅಂತ ತೀರ್ಮಾನ ಮಾಡಿದ್ವಿ ಅಂತ ಅಪೊಸ್ತಲರ ಕೃತ್ಯಗಳು ಬರೆದ ಲೂಕ ಬರೀತಾನೆ, ಅಲ್ಲೂ ಕೂತು ಮಾತಾಡಿದಾರೆ ನೋಡಿ.

ಪ್ರ: ಕೆಲಸ ಸಾಕಾಗಿದೆ, ಸಂಬಂಧ ಮುರಿದುಬಿದ್ದಿದೆ, ಎಲ್ಲಾ ಬಿಟ್ಟು ದೇವರ ಸೇವೆಗೆ ಹೋಗೋಣ ಅನ್ಸ್ತಿದೆ.

ಮೊದಲು ರೆಸ್ಟ್ ತಗೊಳ್ಳಿ. ಓಡಿಹೋಗೋರು ಓಡಿಸ್ತಿರೋದನ್ನ ಜೊತೆಗೇ ತಗೊಂಡು ಹೋಗ್ತಾರೆ, ಭಾಷೆ ಬರದ ಊರಲ್ಲಿ ಅದು ಇನ್ನೂ ಜೋರಾಗತ್ತೆ. ಒಂದು ಪ್ರಶ್ನೆ ಕೇಳ್ಕೊಳ್ಳಿ: ನಾಳೆ ಒಳ್ಳೇ ಕೆಲಸ ಸಿಕ್ಕಿ, ಮನಸ್ಸಿನ ಗಾಯ ವಾಸಿಯಾದ್ರೆ ಆಗ್ಲೂ ಹೋಗ್ಬೇಕು ಅನ್ಸುತ್ತಾ? ಹೌದಾದ್ರೆ ಆಗ ಮಾತಾಡೋಣ.

ಪ್ರ: ನನಗೆ ಕರೆ ಇದೆ, ಹೆಂಡತಿಗೆ (ಅಥವಾ ಗಂಡನಿಗೆ) ಇಲ್ಲ. ಏನು ಮಾಡೋದು?

ಇದಕ್ಕೆ ಕೆಲವರು ಕೊಡೋ ಉತ್ತರ ಕೇಳಿ ನನಗೆ ಕೋಪ ಬರತ್ತೆ, ನೀನು ಹೆಜ್ಜೆ ಇಡು ಬ್ರದರ್ ಅವಳು ಹಿಂದೆ ಬರ್ತಾಳೆ ಅಂತ. ವಿಲಿಯಂ ಕೇರಿಯ ಹೆಂಡತಿ ಡೊರೊಥಿ ಕಥೆ ಓದಿ. ಓದು ಬರಹ ಅಷ್ಟಾಗಿ ಬರದ ಹಳ್ಳಿ ಹೆಂಗಸು, ಮೊದಲು ಬರಲ್ಲ ಅಂದ್ಲು, ಮಗು ಹುಟ್ಟಿ ಕೆಲವೇ ವಾರ ಆಗಿತ್ತು, ಕೊನೇ ಘಳಿಗೆಯ ಒತ್ತಾಯಕ್ಕೆ ತಂಗಿ ಜೊತೆಗೆ ಬಂದ್ರೆ ಬರ್ತೀನಿ ಅಂತ ಹಡಗು ಹತ್ತಿದ್ಲು. 1794ರಲ್ಲಿ ಐದು ವರ್ಷದ ಮಗ ಪೀಟರ್ ಸತ್ತ. ಅದಾದ್ಮೇಲೆ ಅವಳ ಮನಸ್ಸಿನ ಸ್ಥಿಮಿತ ಕೆಟ್ಟು 1807ರಲ್ಲಿ ಸಾಯೋವರೆಗೂ ಸರಿಹೋಗ್ಲಿಲ್ಲ. ಕೇರಿ ಪಕ್ಕದ ರೂಮಿನಲ್ಲಿ ಅನುವಾದ ಮಾಡ್ತಿದ್ದ. ಅವನ ಸಾಧನೆ ಬಗ್ಗೆ ಪ್ರಸಂಗ ಮಾಡೋರು ಈ ಭಾಗ ಬಿಟ್ಟುಬಿಡ್ತಾರೆ.

ಮದುವೆಯಾದವರಿಗೆ ಕರೆ ಬಂದ್ರೆ ಇಬ್ರಿಗೂ ಬರ್ಬೇಕು, ಒಂದೇ ದಿನ ಅಲ್ಲದಿದ್ರೂ ಪರವಾಗಿಲ್ಲ. ಒಬ್ರಿಗೆ ಇನ್ನೂ ಮನಸ್ಸಿಲ್ಲ ಅಂದ್ರೆ ಅದನ್ನ ಅಡ್ಡಿ ಅಂತ ನೋಡ್ಬೇಡಿ, ಅದೂ ಉತ್ತರದ ಒಂದು ಭಾಗ. ಒಳ್ಳೇ ಸಂಸ್ಥೆಗಳು ಇಬ್ರನ್ನೂ ಬೇರೆ ಬೇರೆಯಾಗಿ ಇಂಟರ್‌ವ್ಯೂ ಮಾಡೋದು ಇದಕ್ಕೇ. ನಾನು ಅವರಿಗೋಸ್ಕರ ಬರ್ತಿದೀನಿ ಅಷ್ಟೇ ಅಂತ ಒಬ್ರು ಹೇಳಿದ್ರೆ ಫೈಲ್ ಅಲ್ಲೇ ನಿಲ್ಲತ್ತೆ, ನಿಲ್ಲಲೇಬೇಕು.

ಪ್ರ: ಮದುವೆ ಆಗಿಲ್ಲ. ಆಗಿ ಹೋಗ್ಲಾ ಹಾಗೇ ಹೋಗ್ಲಾ?

ಹಾಗೇ ಹೋದವರು ಬೇಕಾದಷ್ಟಿದಾರೆ, ಪೌಲನಿಂದ ಹಿಡಿದು ತಮಿಳುನಾಡಿನಲ್ಲಿ ಸೇವೆ ಮಾಡಿದ ಏಮಿ ಕಾರ್ಮೈಕಲ್‌ವರೆಗೆ. ಒಂಟಿತನ ನಿಜ, ಅದನ್ನ ಮುಚ್ಚಿಡಬೇಡಿ. ಆದ್ರೆ ಸಂಗಾತಿ ಸಿಗೋವರೆಗೂ ಜೀವನಕ್ಕೆ ಪಾಜ್ ಬಟನ್ ಒತ್ತಿ ಇಡೋದೂ ಬೇಡ.

ಪ್ರ: ಅಪ್ಪ ಅಮ್ಮ ಸುತರಾಂ ಒಪ್ತಿಲ್ಲ.

ಒಪ್ಪದೇ ಇರೋದ್ರಲ್ಲಿ ಎರಡಿದೆ. ನೀನು ದೂರ ಹೋಗ್ತೀಯಲ್ಲ ಅನ್ನೋ ನೋವು ಒಂದು, ಅದು ನೀವು ಎಷ್ಟು ವಾದ ಮಾಡಿದ್ರೂ ಹೋಗಲ್ಲ, ಜೊತೆಗೆ ಕೂತು ಕೇಳಿಸ್ಕೊಳ್ಬೇಕು ಅಷ್ಟೇ. ವಯಸ್ಸಾದ ಮೇಲೆ ನಮ್ಮನ್ನ ಯಾರು ನೋಡ್ಕೋತಾರೆ ಅನ್ನೋದು ಇನ್ನೊಂದು, ಇದಕ್ಕೆ ನೀವು ನಿಜವಾದ ಉತ್ತರ ಕೊಡ್ಬೇಕು, ದೇವರು ನೋಡ್ಕೋತಾನೆ ಅಂತ ಹೇಳಿ ಎದ್ದು ಬರೋದಲ್ಲ. ದೇವರಿಗೆ ಮುಡಿಪು ಅಂತ ಹೇಳಿ ತಂದೆ ತಾಯಿಗೆ ಕೊಡ್ಬೇಕಾದ್ದನ್ನ ತಪ್ಪಿಸೋರ ಬಗ್ಗೆ ಮಾರ್ಕ 7ರಲ್ಲಿ ಯೇಸು ಎಷ್ಟು ಖಾರವಾಗಿ ಮಾತಾಡಿದಾನೆ ಅಂತ ಓದಿ. ತಂದೆ ತಾಯಿಯನ್ನ ನನಗಿಂತ ಜಾಸ್ತಿ ಪ್ರೀತಿಸೋನು ನನಗೆ ಯೋಗ್ಯನಲ್ಲ ಅಂದವನೂ ಅವನೇ, ಎರಡನ್ನೂ ಕೈಯಲ್ಲಿ ಹಿಡ್ಕೊಂಡೇ ನಡೀಬೇಕು, ಸುಲಭ ಇಲ್ಲ.

ಪ್ರ: ಬೈಬಲ್ ಕಾಲೇಜ್ ಮಾಡ್ಲೇಬೇಕಾ? ನಾನು ನರ್ಸ್ / ಎಂಜಿನಿಯರ್ / ಟೀಚರ್.

ಬೈಬಲ್ ಅಭ್ಯಾಸ ಬೇಕು, ಡಿಗ್ರಿನೇ ಬೇಕಾ ಅನ್ನೋದು ಏನು ಕೆಲಸಕ್ಕೆ ಹೋಗ್ತೀರಿ ಅನ್ನೋದರ ಮೇಲೆ. ಬೈಬಲ್ ಅನುವಾದಕ್ಕೆ ಹೋಗೋರಿಗೆ ಭಾಷಾಶಾಸ್ತ್ರ ಬೇಕು, ಸಭೆ ಕಟ್ಟೋಕೆ ಹೋಗೋರಿಗೆ ದೇವಶಾಸ್ತ್ರ ಬೇಕು. ನಿಮ್ಮ ಕೆಲಸವನ್ನ ಬಿಟ್ಟು ಬರ್ಬೇಕು ಅಂತೇನಿಲ್ಲ, ಕೊರಿಂಥದಲ್ಲಿ ಪೌಲ ಅಕ್ವಿಲ ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲೀತಿದ್ದ, ಕೇರಿ ಬಂಗಾಳದಲ್ಲಿ ವರ್ಷಗಟ್ಟಲೆ ನೀಲಿ (ಇಂಡಿಗೋ ಬಣ್ಣದ) ಕಾರ್ಖಾನೆ ನೋಡ್ಕೊಂಡ. ಆದ್ರೆ ಒಂದು ಮಾತು, ನರ್ಸ್ ಆಗಿ ಹೋದ್ರೆ ಒಳ್ಳೇ ನರ್ಸ್ ಆಗಿರಿ. ಕೆಲಸವನ್ನ ವೀಸಾಗೋಸ್ಕರ ವೇಷದ ಥರ ಹಾಕ್ಕೊಂಡು ಹೋಗಿ ಡ್ಯೂಟಿ ಸರಿ ಮಾಡದೇ ಇರೋರನ್ನ ಅಲ್ಲಿನ ಜನ ಬೇಗ ಕಂಡುಹಿಡೀತಾರೆ, ಆಮೇಲೆ ನಿಮ್ಮ ಬಾಯಿಂದ ಬರೋ ಸುವಾರ್ತೆಯನ್ನೂ ಅದೇ ತಕ್ಕಡಿಯಲ್ಲಿ ತೂಗ್ತಾರೆ.

ಪ್ರ: ದುಡ್ಡು ಎಲ್ಲಿಂದ ಬರತ್ತೆ? ನಂಬಿಕೆ ಇದ್ರೆ ಸಾಕಾ?

ಸಾಲ ಇದ್ರೆ ಮೊದಲು ತೀರಿಸಿ. ಲೂಕ 14ರಲ್ಲಿ ಗೋಪುರ ಕಟ್ಟೋನು ಕೂತು ಲೆಕ್ಕ ಹಾಕ್ತಾನೆ, ಲೆಕ್ಕ ಹಾಕೋದು ಅಪನಂಬಿಕೆ ಅಲ್ಲ.

ಹಡ್ಸನ್ ಟೇಲರ್ 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಶುರುಮಾಡಿದಾಗ ಗ್ಯಾರಂಟಿ ಸಂಬಳ ಇಲ್ಲ, ಯಾರ ಹತ್ರನೂ ದುಡ್ಡು ಕೇಳೋದಿಲ್ಲ ಅಂತ ನಿಯಮ ಇಟ್ಟ. ಅದನ್ನ ಕೇಳಿ ನಾನೂ ಯಾರಿಗೂ ಹೇಳದೇ ಹೋಗ್ತೀನಿ ಅನ್ನೋರು ಒಂದನ್ನ ಮರೀತಾರೆ, ಅವನು ದುಡ್ಡು ಕೇಳ್ತಿರಲಿಲ್ಲ ಹೊರತು ಕೆಲಸದ ಬಗ್ಗೆ ಬಾಯಿ ಮುಚ್ಚಿ ಕೂತಿರಲಿಲ್ಲ, ಬರೀತಿದ್ದ, ಊರೂರಿಗೆ ಹೋಗಿ ಮಾತಾಡ್ತಿದ್ದ. ಇವತ್ತು ಸಂಬಳ ಕೊಡೋ ಸಂಸ್ಥೆಗಳೂ ಇವೆ, ನಿಮ್ಮ ಬೆಂಬಲ ನೀವೇ ಹುಡುಕ್ಕೊಳ್ಳಿ ಅನ್ನೋ ಸಂಸ್ಥೆಗಳೂ ಇವೆ. ಎರಡನೇದರಲ್ಲಿ ಜನರ ಮುಂದೆ ಕೂತು ತಿಂಗಳಿಗೆ ಇಷ್ಟು ಬೇಕು ಅಂತ ಹೇಳೋದು ಎಷ್ಟು ಮುಜುಗರ ಅಂತ ಮಾಡಿದವರಿಗೇ ಗೊತ್ತು. ಆದ್ರೂ ಅದರಲ್ಲಿ ಒಂದು ಲಾಭ ಇದೆ. ನಿಮ್ಮನ್ನ ಹತ್ತಿರದಿಂದ ಬಲ್ಲವರು ಜೇಬಿಗೆ ಕೈ ಹಾಕ್ತಾರಾ ಇಲ್ವಾ ಅನ್ನೋದೂ ಕರೆಯ ಬಗ್ಗೆ ಏನೋ ಹೇಳತ್ತೆ, ಪೂರ್ತಿ ಅಲ್ಲ, ಸ್ವಲ್ಪ.

ಪ್ರ: ಸಂಸ್ಥೆ ನನ್ನ ಅಪ್ಲಿಕೇಶನ್ ರಿಜೆಕ್ಟ್ ಮಾಡ್ತು. ಕರೆ ಇಲ್ಲ ಅಂತಾನಾ?

ಅಗತ್ಯವಾಗಿ ಅಲ್ಲ. ಗ್ಲ್ಯಾಡಿಸ್ ಐಲ್ವರ್ಡ್‌ನ ಚೈನಾ ಇನ್‌ಲ್ಯಾಂಡ್ ಮಿಷನ್‌ನವರು ಓದಿನಲ್ಲಿ ಹಿಂದೆ ಇದಾಳೆ ಅಂತ ಬೇಡ ಅಂದ್ರು. ಅವಳು ಲಂಡನ್‌ನಲ್ಲಿ ಮನೆಕೆಲಸದವಳು. ಹಡಗಿಗೆ ದುಡ್ಡಿಲ್ಲ, ರೈಲು ಅಗ್ಗ ಅಂತ ಗೊತ್ತಾಯ್ತು, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ಟಿಕೆಟ್‌ಗೆ ಕಟ್ತಾ ಬಂದು 1930ರಲ್ಲಿ ಸೈಬೀರಿಯಾ ದಾಟೋ ರೈಲು ಹತ್ತಿದ್ಲು. ಚೀನಾದ ಯಾಂಗ್‌ಚೆಂಗ್‌ನಲ್ಲಿ ಜೀನಿ ಲಾಸನ್ ಅನ್ನೋ ವಯಸ್ಸಾದ ಮಿಷನರಿ ಜೊತೆ ಸೇರಿ ಹೇಸರಗತ್ತೆ ಸಾಗಿಸೋರಿಗೆ ಛತ್ರ ನಡೆಸಿದ್ಲು, ಚೀನೀ ಭಾಷೆನೂ ಕಲಿತ್ಲು. ಈ ಕಥೆ ಹೇಳುವಾಗ ಎಲ್ರೂ ಹಟಕ್ಕೆ ಚಪ್ಪಾಳೆ ಹೊಡೀತಾರೆ, ನನಗೆ ಕಾಣೋದು ಬೇರೆ: ಸಹಾಯಕ್ಕೆ ಯಾರಾದ್ರೂ ಬೇಕು ಅಂತ ಕಾಯ್ತಿದ್ದ ಒಬ್ಬ ಹಿರಿಯ ಮಿಷನರಿ ಆ ತುದಿಯಲ್ಲಿ ಇದ್ಲು, ಗ್ಲ್ಯಾಡಿಸ್ ಗಾಳಿಗೆ ಹಾರಿಹೋಗಿದ್ದಲ್ಲ.

ರಿಜೆಕ್ಟ್ ಆದ್ರೆ ಕಾರಣ ಲಿಖಿತವಾಗಿ ಕೇಳಿ. ಸರಿಪಡಿಸೋ ವಿಷಯವಾ, ಆ ಸಂಸ್ಥೆಗೆ ಮಾತ್ರ ಹೊಂದದ ವಿಷಯವಾ ನೋಡಿ.

ಪ್ರ: ಆರೋಗ್ಯ ಸರಿ ಇಲ್ಲ, ಹಿಂದೆ ಡಿಪ್ರೆಶನ್‌ಗೆ ಮಾತ್ರೆ ತಗೊಂಡಿದೀನಿ. ಮುಚ್ಚಿಡ್ಲಾ?

ಖಂಡಿತ ಬೇಡ. ಮುಚ್ಚಿಟ್ಟು ಹೋದ್ರೆ ಡಾಕ್ಟರ್ ಸಿಗದ ಜಾಗದಲ್ಲಿ ತೊಂದ್ರೆ ಪಡೋರು ನೀವೇ, ಟೀಮಿನವರೂ ಜೊತೆಗೆ. ಕಾಯಿಲೆ ಇದ್ದವರಿಗೆಲ್ಲ ಬಾಗಿಲು ಮುಚ್ಚಿದೆ ಅಂತಲ್ಲ, ಏಮಿ ಕಾರ್ಮೈಕಲ್‌ನ ಆರೋಗ್ಯದ ಕಾರಣಕ್ಕೆ ಒಂದು ಮಿಷನ್ ಬೇಡ ಅಂತು, ಜಪಾನ್‌ಗೆ ಹೋಗಿ ಅಲ್ಲೂ ಕಾಯಿಲೆ ಬಿದ್ಲು, ಕೊನೆಗೆ ದೋಹ್ನಾವೂರಿನಲ್ಲಿ ಅರ್ಧ ಶತಮಾನ ಇದ್ದು 1951ರಲ್ಲಿ ಅಲ್ಲೇ ತೀರ್ಕೊಂಡ್ಲು, 1931ರಲ್ಲಿ ಬಿದ್ದ ಮೇಲಿನ ವರ್ಷಗಳನ್ನೆಲ್ಲ ಬಹುಪಾಲು ಹಾಸಿಗೆಯಲ್ಲೇ ಕಳೆದು. ಮಾತ್ರೆ ನಿಲ್ಲಿಸಿ ನಂಬಿಕೆಯಿಂದ ಹೋಗು ಅಂತ ಯಾರಾದ್ರೂ ಹೇಳಿದ್ರೆ ಅವರ ಮಾತು ಕೇಳ್ಬೇಡಿ.

ಪ್ರ: ಎರಡು ವಾರದ ಮಿಷನ್ ಟ್ರಿಪ್ ಹೋಗಿ ಬಂದ್ರೆ ಕರೆ ಗೊತ್ತಾಗುತ್ತಾ?

ಪರಿಚಯ ಆಗತ್ತೆ, ಕರೆ ಗೊತ್ತಾಗಲ್ಲ. ಎರಡು ವಾರದಲ್ಲಿ ಎಲ್ರೂ ನಗ್ತಾ ಬರಮಾಡ್ಕೋತಾರೆ, ದುಭಾಷಿ ಇರ್ತಾನೆ, ಫೋಟೋ ಚೆನ್ನಾಗಿ ಬರತ್ತೆ. ನಿಜವಾದ ಮೊದಲ ವರ್ಷ ಬೇರೆನೇ. ದೊಡ್ಡ ಓದು ಓದಿದ ಮನುಷ್ಯ ಐದು ವರ್ಷದ ಮಗುವಿಗಿಂತ ಕಮ್ಮಿ ಭಾಷೆ ಇಟ್ಕೊಂಡು ಅಂಗಡಿ ಮುಂದೆ ನಿಂತಿರ್ತಾನೆ, ಬಾಯಿ ತೆರೆದ್ರೆ ಮಕ್ಕಳು ನಗ್ತವೆ, ಮನೆಗೆ ಬಂದು ಟೀಮಿನವರ ಜೊತೆ ಪಾತ್ರೆ ತೊಳೆಯೋ ಪಾಳಿಗೆ ಜಗಳ, ರಾತ್ರಿ ಕೂತು ಸಪೋರ್ಟರ್ಸ್‌ಗೆ ಏನಂತ ರಿಪೋರ್ಟ್ ಬರೀಲಿ, ಈ ತಿಂಗಳು ಕ್ರಿಯಾಪದ ಕಲಿತೆ ಅಂತಾನಾ? ಆಗ್ಲೇ ಗೊತ್ತಾಗೋದು. ಆಗೋದಾದ್ರೆ ಆರು ತಿಂಗಳೋ ಒಂದು ವರ್ಷವೋ ಇರೋ ಪ್ರೋಗ್ರಾಂ ಹುಡುಕಿ, ಅಲ್ಲಿನ ಸಭೆಯ ನಾಯಕರ ಕೈಕೆಳಗೆ ಇರೋ ಹಾಗೆ. ವಾಪಸ್ ಬರುವಾಗ ಅವರನ್ನೇ ಕೇಳಿ, ನಾನು ಮತ್ತೆ ಬರ್ಲಾ ಅಂತ. ಅವರು ಮರ್ಯಾದೆಗೆ ಬನ್ನಿ ಅಂತಾರಾ ಮನಸ್ಸಿಂದ ಅಂತಾರಾ ಅನ್ನೋದನ್ನ ಅಷ್ಟು ಹೊತ್ತಿಗೆ ಗುರುತಿಸೋಕೆ ಬಂದಿರತ್ತೆ.

ಪ್ರ: ಭಾಷೆ ಕಲಿಯೋಕೆ ನನಗೆ ಬರಲ್ಲ. ದುಭಾಷಿ ಇಟ್ಕೊಂಡು ಸೇವೆ ಮಾಡಬಹುದಲ್ವಾ?

ಸ್ವಲ್ಪ ದಿನ ಮಾಡಬಹುದು. ನಮಗೆ ಕನ್ನಡದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ, ಅದೇ ಮಿಷನ್‌ನ ಫರ್ಡಿನೆಂಡ್ ಕಿಟೆಲ್ ವರ್ಷಗಟ್ಟಲೆ ಕೂತು ಮಾಡಿದ ನಿಘಂಟು 1894ರಲ್ಲಿ ಬಂತು, ಇವತ್ತಿಗೂ ಅವನ ಹೆಸರು ಹೇಳೋದು ನಿಘಂಟಿಗೋಸ್ಕರ. ಎಲ್ರೂ ಕಿಟೆಲ್ ಆಗ್ಬೇಕಿಲ್ಲ. ಆದ್ರೆ ಆ ಜನರ ಗಾದೆ, ಜೋಕು, ಬೈಗುಳ ಕೂಡ ಅರ್ಥ ಮಾಡ್ಕೊಳ್ಳೋಕೆ ಆಸೆನೇ ಇಲ್ಲ ಅಂದ್ರೆ ಅವರ ಮೇಲೆ ನಿಮಗಿರೋದು ಪ್ರೀತಿನಾ ಪ್ರಾಜೆಕ್ಟಾ ಅಂತ ಯೋಚಿಸಿ.

ಪ್ರ: ಮಿಷನರಿ ಅಂದ್ರೆ ಮತಾಂತರ, ವಸಾಹತು ಅಂತ ಜನ ಬೈತಾರೆ. ಏನು ಹೇಳ್ಲಿ?

ಮೊದಲು ಕೇಳಿಸ್ಕೊಳ್ಳಿ, ಅದರಲ್ಲಿ ಸತ್ಯ ಇದೆ. ವಸಾಹತು ಸರ್ಕಾರದ ನೆರಳಲ್ಲಿ ಕೆಲಸ ಮಾಡಿದ ಮಿಷನರಿಗಳಿದ್ರು, ಸ್ಥಳೀಯರ ಮಕ್ಕಳನ್ನ ಮನೆಯಿಂದ ಕಿತ್ತು ಬೋರ್ಡಿಂಗ್ ಶಾಲೆಗೆ ಹಾಕಿದ ಚರಿತ್ರೆ ಕೆನಡಾದಲ್ಲಿ ಇದೆ, ಅದರಲ್ಲಿ ಚರ್ಚುಗಳ ಪಾಲೂ ಇದೆ. ಅದೇ ಕಾಲದಲ್ಲಿ ಸರ್ಕಾರದ ವಿರುದ್ಧ ನಿಂತವರೂ ಇದ್ರು. ಎರಡನ್ನೂ ಓದಿ ಹೋಗಿ. ಅಕ್ಕಿ, ಕೆಲಸ, ಆಸ್ಪತ್ರೆ ತೋರಿಸಿ ನಂಬಿಕೆ ಬದಲಾಯಿಸೋಕೆ ಒತ್ತಾಯ ಮಾಡೋದು ತಪ್ಪು, ಕಾನೂನು ಇರ್ಲಿ ಬಿಡ್ಲಿ ತಪ್ಪೇ. ಹೋಗೋ ದೇಶದ ಕಾನೂನು ಏನು, ನಿಮ್ಮ ವೀಸಾದಲ್ಲಿ ಏನು ಮಾಡಬಹುದು ಅಂತ ಮೊದಲೇ ತಿಳ್ಕೊಳ್ಳಿ. ನಿಮ್ಮ ತಪ್ಪಿಗೆ ದಂಡ ಕಟ್ಟೋರು ನೀವು ವಿಮಾನ ಹತ್ತಿದ ಮೇಲೆ ಅಲ್ಲೇ ಉಳಿಯೋ ಸ್ಥಳೀಯ ವಿಶ್ವಾಸಿಗಳು.

ಪ್ರ: ಅಪಾಯ ಜಾಸ್ತಿ ಇದ್ದಷ್ಟೂ ಕರೆ ದೊಡ್ಡದು ಅಲ್ವಾ?

ಅಲ್ಲ. 2018ರ ನವೆಂಬರ್‌ನಲ್ಲಿ ಜಾನ್ ಅಲೆನ್ ಚೌ ಅನ್ನೋ 26 ವರ್ಷದ ಅಮೆರಿಕದ ಯುವಕ ಅಂಡಮಾನ್‌ನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ನಿಷೇಧ ಮೀರಿ ಹೋಗಿ ಅಲ್ಲಿನವರ ಬಾಣಕ್ಕೆ ಸತ್ತ. ಹುತಾತ್ಮ ಅಂದೋರೂ ಇದಾರೆ, ಹುಚ್ಚ ಅಂದೋರೂ ಇದಾರೆ. ತನ್ನ ಜೀವ ಕೊಡೋಕೆ ಅವನು ರೆಡಿ ಇದ್ದ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಹೊರಗಿನವರ ರೋಗಗಳಿಗೆ ತಡೆಶಕ್ತಿ ಇಲ್ಲದ ಜನಕ್ಕೆ ನಮ್ಮ ಸಾಮಾನ್ಯ ಜ್ವರವೇ ಸಾವು ತರಬಹುದು, ಅವರ ಜೀವವನ್ನ ಪಣಕ್ಕಿಡೋ ಹಕ್ಕು ಅವನಿಗೆ ಎಲ್ಲಿಂದ ಬಂತು ಅನ್ನೋದಕ್ಕೆ ನನಗೆ ಉತ್ತರ ಸಿಕ್ಕಿಲ್ಲ. ಸಾಯೋಕೆ ಸಿದ್ಧ ಇರೋದು ಒಂದು, ಸಾಯೋದನ್ನೇ ಹುಡುಕ್ಕೊಂಡು ಹೋಗೋದು ಇನ್ನೊಂದು. ದಮಸ್ಕದಲ್ಲಿ ಪೌಲ ಬುಟ್ಟಿಯಲ್ಲಿ ಇಳಿದು ತಪ್ಪಿಸ್ಕೊಂಡ, ನಾಚ್ಕೊಳ್ಲಿಲ್ಲ.

ಪ್ರ: ವಯಸ್ಸು 50 ದಾಟಿದೆ. ತಡ ಆಯ್ತಾ?

ಇಲ್ಲ. ಹೊಸ ಭಾಷೆ ಕಷ್ಟ ಆಗಬಹುದು. ಅಕೌಂಟ್ಸ್, ಮಿಷನರಿ ಮಕ್ಕಳ ಶಾಲೆ, ಕಿರಿಯರಿಗೆ ಹಿರಿಯರಾಗಿ ಇರೋದು, ಇಂಥ ಕೆಲಸಕ್ಕೆ ಜನ ಸಿಗೋದೇ ಕಷ್ಟ.

ಪ್ರ: ಹೋಗಿ ಎರಡೇ ವರ್ಷಕ್ಕೆ ವಾಪಸ್ ಬಂದೆ. ಕರೆನೇ ಸುಳ್ಳಾಗಿತ್ತಾ?

ವಾಪಸ್ ಬಂದವರನ್ನ ಸಭೆಗಳು ನಡೆಸ್ಕೊಳ್ಳೋ ರೀತಿ ನೋಡಿದ್ರೆ ಬೇಸರ ಆಗತ್ತೆ. ಹೋಗುವಾಗ ಹಾರ, ಬಂದಾಗ ಯಾಕೆ ಬಂದ್ರಿ ಅನ್ನೋ ನೋಟ. ಮಾರ್ಕ ಪಂಫುಲ್ಯದಲ್ಲಿ ಪೌಲ ಬಾರ್ನಬರನ್ನ ಬಿಟ್ಟು ವಾಪಸ್ ಹೋದ, ಆಮೇಲೆ ಅವನನ್ನ ಕರ್ಕೊಂಡು ಹೋಗೋ ವಿಷಯಕ್ಕೇ ಇಬ್ಬರು ದೊಡ್ಡವರು ಜಗಳ ಆಡಿ ಬೇರೆಯಾದ್ರು. ಬಾರ್ನಬ ಅವನ ಕೈ ಬಿಡ್ಲಿಲ್ಲ. ಜೈಲಿನಿಂದ ಪೌಲ ಕೊನೆಗೆ ಬರೆದ ಪತ್ರದಲ್ಲಿ ಮಾರ್ಕನನ್ನ ಕರ್ಕೊಂಡು ಬಾ, ಅವನು ನನಗೆ ಉಪಯೋಗದವನು ಅಂತಾನೆ. ಕೆಲವು ಕರೆ ಎರಡು ವರ್ಷದ್ದೇ ಆಗಿರತ್ತೆ. ಫಲ ಕಾಣ್ಲಿಲ್ಲ ಅಂತ ಮಾತ್ರ ಅಳೀಬೇಡಿ, ಅಮೆರಿಕದ ಮಿಷನರಿ ಅಡೊನಿರಾಮ್ ಜಡ್ಸನ್ 1813ರಲ್ಲಿ ಬರ್ಮಾ ತಲುಪಿದ, ಮೊದಲ ದೀಕ್ಷಾಸ್ನಾನ 1819ರಲ್ಲಿ. ಎರಡನೇ ವರ್ಷದ ರಿಪೋರ್ಟ್ ನೋಡಿ ಯಾರಾದ್ರೂ ವಾಪಸ್ ಕರೆಸಿದ್ರೆ?

ಪ್ರ: ಪ್ರಾರ್ಥಿಸಿ, ವಿಚಾರಿಸಿ, ಕೊನೆಗೆ ನನಗೆ ಹೋಗೋ ಕರೆ ಇಲ್ಲ ಅಂತ ಗೊತ್ತಾಯ್ತು. ಆದ್ರೂ ಮಿಷನ್ ಅಂದ್ರೆ ಪ್ರಾಣ. ಏನ್ಮಾಡ್ಲಿ?

ಸದ್ಯ, ಈ ಪ್ರಶ್ನೆ ಕೇಳೋರು ಜಾಸ್ತಿ ಆಗ್ಲಿ. ಕೇರಿ ಬಂಗಾಳದಲ್ಲಿ ಕೆಲಸ ಮಾಡ್ತಿದ್ರೆ ಇಂಗ್ಲೆಂಡ್‌ನಲ್ಲಿ ಆಂಡ್ರ್ಯೂ ಫುಲ್ಲರ್ ಅನ್ನೋ ಪಾಸ್ಟರ್ 1792ರಿಂದ 1815ರಲ್ಲಿ ಸಾಯೋವರೆಗೂ ಕೇರಿಯನ್ನ ಕಳಿಸಿದ ಮಿಷನ್ ಸಂಘದ ಸೆಕ್ರೆಟರಿಯಾಗಿ ದುಡ್ಡು ಎತ್ತಿದ, ಪತ್ರ ಬರೆದ, ಮಿಷನ್ ಪರವಾಗಿ ವಾದ ಮಾಡಿದ, ಫೀಲ್ಡ್ ಕಣ್ಣಿಂದ ನೋಡೇ ಇಲ್ಲ. ಕ್ಯಾಥೊಲಿಕ್ ಸಭೆ 1927ರಲ್ಲಿ ಮಿಷನ್‌ಗಳ ಪಾಲಕಿ ಅಂತ ಘೋಷಿಸಿದ ಲಿಸ್ಯೂವಿನ ತೆರೇಸಾ 15ನೇ ವಯಸ್ಸಿಗೆ ಮಠ ಸೇರಿ 24ಕ್ಕೆ ಅಲ್ಲೇ ತೀರ್ಕೊಂಡವಳು, ಒಬ್ಬ ಮಿಷನರಿ ಪಾದ್ರಿಗೂ ಮಿಷನ್‌ಗೆ ತಯಾರಾಗ್ತಿದ್ದ ಒಬ್ಬ ಸೆಮಿನರಿ ವಿದ್ಯಾರ್ಥಿಗೂ ಪತ್ರ ಬರೀತಿದ್ಲು, ಅವರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ಲು.

ನಿಮಗೆ ಗೊತ್ತಿರೋ ಒಬ್ಬ ಮಿಷನರಿಯನ್ನ ಹಿಡೀರಿ. ಅವರ ನ್ಯೂಸ್‌ಲೆಟರ್‌ಗೆ ಉತ್ತರ ಬರೀರಿ, ಬರೀ ಆಮೆನ್ ಇಮೋಜಿ ಹಾಕ್ಬೇಡಿ, ಅದರಲ್ಲಿರೋ ಹೆಸರುಗಳನ್ನ ವಿಚಾರಿಸಿ. ಊರಿನಲ್ಲಿರೋ ಅವರ ಅಪ್ಪ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ. ರಜೆಗೆ ಬಂದಾಗ ಪ್ರಸಂಗ ಮಾಡಿ ಅಂತ ಸ್ಟೇಜಿಗೆ ಹತ್ತಿಸೋ ಮುಂಚೆ ನಾಲ್ಕು ದಿನ ನಿದ್ದೆ ಮಾಡೋಕೆ ಒಂದು ರೂಮ್ ಕೊಡಿ, ಮಕ್ಕಳನ್ನ ನೀವು ನೋಡ್ಕೊಳ್ಳಿ. ಮತ್ತೆ ನಿಮ್ಮ ಸಭೆಯಲ್ಲಿ ಯಾರಾದ್ರೂ ಹುಡುಗಿನೋ ಹುಡುಗನೋ ನನಗೆ ಕರೆ ಇದೆ ಅನ್ಸುತ್ತೆ ಅಂತ ಬಂದು ನಿಮ್ಮ ಪಕ್ಕ ಕೂತ್ರೆ ಫೋನ್ ಉಲ್ಟಾ ಇಟ್ಟು ಪೂರ್ತಿ ಕೇಳಿ.